ಗುರುಪಾದಪ್ಪನ ಹಸಿ ಫೋಟೋಗಳು

ಬೆಳಗಾವಿಯ ಶಿವಬಸವ ನಗರದಲ್ಲಿ ನಡೆದ ಮೇಘಾಳ ಮದುವೆಯಲ್ಲಿ ತಾಳಿ ಕಟ್ಟುವುದು ಆರು ನಿಮಿಷ ತಡವಾಯಿತು. ವರ ಮುನಿಸಿಕೊಂಡಿರಲಿಲ್ಲ, ಬೀಗರು ಜಗಳ ತೆಗೆದಿರಲಿಲ್ಲ, ಅಡುಗೆಮನೆಯಲ್ಲಿ ಹೋಳಿಗೆಯೂ ಹೊತ್ತಿರಲಿಲ್ಲ. ತಾಳಿ ವರನ ಕೈಯಲ್ಲಿತ್ತು, ಅಕ್ಕಿಕಾಳು ನಮ್ಮೆಲ್ಲರ ಮುಷ್ಟಿಯಲ್ಲಿತ್ತು. ಮದುವೆ ಮಾಡಿಸುತ್ತಿದ್ದ ಈರಯ್ಯನವರು ‘ಸಾವಧಾನ’ ಎನ್ನಲು ಬಾಯಿ ತೆರೆದಿದ್ದರು. ಆಗ ಅವರ ಎದುರು ಮಂಡಿಯೂರಿ ಕೂತಿದ್ದ ಫೋಟೋಗ್ರಾಫರ್ ಗುರುಪಾದಪ್ಪ ಒಂದು ಕೈ ಮೇಲೆತ್ತಿದರು.

“ಅಯ್ನಾರ, ಖರೇನ ಸಾವಧಾನ ರೀ! ಒಂದೀಟು ತಡೀರಿ. ಕಾರ್ಡ್ ತುಂಬೈತಿ!”

“ಯಾವ ಕಾರ್ಡೋ ಮಾರಾಯಾ? ರೇಶನ್ ಕಾರ್ಡೇನು?”

“ಕ್ಯಾಮೆರಾದ್ದು ರೀ. ಒಳಗ ಜಾಗಾ ಇಲ್ಲ.”

“ಹೊರಗರ ಎಲ್ಲೈತಿ?” ಎಂದರು ಈರಯ್ಯನವರು, ತಮ್ಮ ಹೆಗಲ ಮೇಲೆ ಒರಗಿದ್ದ ನಾಲ್ಕು ಜನ ಬೀಗರನ್ನು ನೋಡುತ್ತ.

ಅದು 2004ರ ಏಪ್ರಿಲ್. ಗುರುಪಾದಪ್ಪನವರ ಕೈಗೆ ಡಿಜಿಟಲ್ ಕ್ಯಾಮೆರಾ ಬಂದು ಇನ್ನೂ ಒಂಬತ್ತು ದಿನ. ಡಿಜಿಟಲ್ ಎಂದರೆ ಮುಗಿಯದ ರೋಲು ಎಂದು ಯಾರೋ ಹೇಳಿದ್ದನ್ನು ನಂಬಿ ಬೆಳಗಿನಿಂದ ಕಂಡದ್ದನ್ನೆಲ್ಲ ಹೊಡೆದಿದ್ದರು. ಬಾಳೆಕಂಬ, ಲಟ್ಟಣಿಗೆ ಹಿಡಿದ ಹೆಂಗಸರು, ಬಾಗಿಲಲ್ಲಿ ಬಿದ್ದ ಚಪ್ಪಲಿಯ ರಾಶಿ. ಇನ್ನೊಂದು ಕಾರ್ಡ್ ಇರಲಿಲ್ಲ. ಇದ್ದ ದಾರಿ ಒಂದೇ, ತೆಗೆದದ್ದರಲ್ಲಿ ಕೆಲವನ್ನು ಅಳಿಸಿ ಜಾಗ ಮಾಡುವುದು. ಕ್ಯಾಮೆರಾದ ಬೆನ್ನಿಗಿದ್ದ ಅಂಚೆಚೀಟಿಯಷ್ಟು ಪರದೆಯ ಮೇಲೆ ಅವರು ಒಂದೊಂದೇ ಚಿತ್ರ ತರಲು, ಎರಡೂ ಕಡೆಯ ನೆಂಟರು ವೇದಿಕೆಗೆ ಹತ್ತಿ ಬಗ್ಗಿದರು.

“ಇಂವ ಯಾರು?”

“ನಮ್ಮ ಹುಬ್ಬಳ್ಳಿ ಕಾಕಾ.”

“ತಗೀರಿ, ಮೊದ್ಲ ಅಂವನ್ನ ತಗೀರಿ. ನನ್ನ ಲಗ್ನಕ್ಕ ಬಂದಿಲ್ಲ ಅಂವ.”

“ಅಂವನ್ನ ತಗದ್ರ ನಾ ಊಟಕ್ಕ ಕುಂದ್ರೂದಿಲ್ಲ ನೋಡ್ರಿ!”

ಅಳಿಯನ ಕಡೆಯವರನ್ನು ಅಳಿಸಬೇಕೋ ಮಗಳ ಕಡೆಯವರನ್ನೋ ಎಂಬ ಪ್ರಶ್ನೆ ಎದ್ದಾಗ ಅತ್ತೆಯೊಬ್ಬರು ನಿಜವಾಗಿಯೂ ಅತ್ತರು. ಹಿಂದಿನ ಸಾಲಿನವರು ತಾಳಿ ಆಗಿಹೋಯಿತೆಂದು ತಿಳಿದು ಅಕ್ಕಿಕಾಳು ಬೀಸಿದರು. ಅದು ವಧೂವರರಿಗೆ ಮುಟ್ಟದೆ ಗುರುಪಾದಪ್ಪನವರ ಬೋಳುತಲೆಯ ಮೇಲೆ ಬಿತ್ತು. ಕೊನೆಗೆ ಚಪ್ಪಲಿ ಹೋಯಿತು, ಬಾಳೆಕಂಬ ಹೋಯಿತು, ಹುಬ್ಬಳ್ಳಿಯ ಕಾಕಾನೂ ಹೋದ. ಆರು ಚಿತ್ರಕ್ಕೆ ಜಾಗವಾಯಿತು. ಮೇಘಾಳ ಮದುವೆಗೆ ಕಾರ್ಡಿನ ಇನ್ನೂರೈವತ್ತಾರು ಮೆಗಾ ಸಾಲಲಿಲ್ಲ ಎಂದು ನಾನು ಊಟದ ಪಂಕ್ತಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ಕಾಕಾನ ಕಡೆ ನೋಡುತ್ತಿದ್ದರು.

ಹೀಗೆ ತಲೆ ತಗ್ಗಿಸಿ ನಿಂತ ಮನುಷ್ಯ ಆ ಕಸುಬಿನಲ್ಲಿ ಹೊಸಬರೇನಲ್ಲ. ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ, ಹತ್ತು ಅಡಿ ಅಗಲದ ಸ್ಟುಡಿಯೋದಲ್ಲಿ, ಎರಡು ಭಾಷೆಯ ಬೋರ್ಡಿನ ಕೆಳಗೆ ಅವರು ಇಪ್ಪತ್ತಾರು ವರ್ಷ ರೋಲು ಸುತ್ತಿದವರು. ಒಂದು ಮದುವೆಗೆ ಎರಡು ರೋಲು, ಎಪ್ಪತ್ತೆರಡು ಚಿತ್ರ. ಮದುವೆಯ ಮುಂಚಿನ ದಿನ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಪ್ಪತ್ತೆರಡು ಗೆರೆ ಎಳೆದು, ಯಾವ ಗೆರೆಗೆ ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳುವರು. ಸೋದರಮಾವನಿಗೆ ಒಂದು, ಮುತ್ತಜ್ಜಿಗೆ ಒಂದು, ಹಾಸಿಗೆ ಹಿಡಿದು ಮದುವೆಗೆ ಬರಲಾರದವರಿದ್ದರೆ ಅವರ ಮನೆಗೇ ಹೋಗಿ ಒಂದು. ಒಂದು ಚಿತ್ರಕ್ಕೆ ಎರಡು ಸಲ ಕ್ಲಿಕ್ ಮಾಡಿದ್ದನ್ನು ಯಾರೂ ನೋಡಿಲ್ಲ. ಕಾಯುವರು. ಕೈಯಲ್ಲಿ ಕ್ಯಾಮೆರಾ ಹಿಡಿದು, ತೊಟ್ಟಿಲು ತೂಗುವವರ ಹಾಗೆ ಸಣ್ಣಗೆ ತೂಗುತ್ತ ಕಾಯುವರು.

“ನಗ್ರಿ” ಎಂದೂ ಅವರು ಯಾರಿಗೂ ಹೇಳುತ್ತಿರಲಿಲ್ಲ. “ಉಸಿರು ಬಿಡ್ರಿ” ಎನ್ನುವರು. ಫೋಟೋಕ್ಕೆಂದು ಎದೆ ಉಬ್ಬಿಸಿ ಕಲ್ಲಾಗಿ ನಿಂತವರು ಉಸಿರು ಬಿಟ್ಟ ಆ ಅರೆ ಗಳಿಗೆಯಲ್ಲಿ ಮುಖ ಮುಖದಂತಾಗುತ್ತದೆ. ಅವರ ಕ್ಲಿಕ್ಕು ಅಲ್ಲಿ. ಮರಾಠಿ ಮನೆಗಳಲ್ಲಿ ಇದೇ ಮಾತು “ಶ್ವಾಸ ಸೋಡಾ” ಆಗುತ್ತಿತ್ತು. ಮರಾಠಿಯ ‘ಸೋಡಾ’ ಎಂದರೆ ‘ಬಿಡಿ’ ಎಂದು ತಿಳಿಯದ ಧಾರವಾಡದ ಬೀಗರೊಬ್ಬರು ಒಮ್ಮೆ ಬಹಳ ಹೊತ್ತು ಬಾಟಲಿಯ ದಾರಿ ಕಾಯ್ದರಂತೆ.

ಖಾನಾಪುರದ ಮಳೆ ಗೊತ್ತಿದ್ದವರಿಗೆ ಅಲ್ಲಿಯ ಬೂಷ್ಟೂ ಗೊತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೆ, ಬೆಲ್ಟಿಗೆ, ಕ್ಯಾಮೆರಾದ ಗಾಜಿಗೆ ಅದು ಸಮನಾಗಿ ಹತ್ತುತ್ತದೆ. ಅದಕ್ಕೆ ಗುರುಪಾದಪ್ಪ ತಮ್ಮ ಕ್ಯಾಮೆರಾವನ್ನು ಅಕ್ಕಿಡಬ್ಬಿಯಲ್ಲಿ ಇಡುವರು. ಬಟ್ಟೆಯಲ್ಲಿ ಸುತ್ತಿ, ಅಕ್ಕಿಯೊಳಗೆ ಕತ್ತಿನ ಮಟ ಹೂತು, ಮುಚ್ಚಳ ಹಾಕುವರು. ಅಕ್ಕಿ ತೇವ ಹೀರುತ್ತದೆ. ಅವರ ಹೆಂಡತಿ ಕಾಂತಾ ಇಪ್ಪತ್ತಾರು ಮಳೆಗಾಲ ಕ್ಯಾಮೆರಾದ ಸುತ್ತ ಕೈ ಹಾಕಿ ಅಕ್ಕಿ ಅಳೆದವರು. “ಒಂದಿನ ನಿಮಗ ರೋಲ್ ಬೇಯಿಸಿ ಹಾಕ್ತೀನಿ, ಅನ್ನ ತೊಳದು ಫೋಟೋ ಮಾಡ್ರಿ” ಎಂದು ಅವರು ಬೈದದ್ದು ನನ್ನ ಕಿವಿಗೇ ಬಿದ್ದಿದೆ.

ನೆಗೆಟಿವುಗಳಿದ್ದದ್ದು ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ. ಮೇಲೆ ಮನೆತನದ ಹೆಸರಿಲ್ಲ, ಊರಿನ ಹೆಸರು ಅಷ್ಟೇ. ದೇಸೂರ ಒಂದು ಡಬ್ಬಿ, ಜಾಂಬೋಟಿ ಎರಡು. ಒಂದು ಮಳೆಗಾಲದಲ್ಲಿ ಜಾಂಬೋಟಿಯ ಬಸಯ್ಯ ಎಂಬವರು ಇಟ್ಟಿಗೆಯಂತಿದ್ದ ಒಂದು ವಸ್ತುವನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಅವರ ಮದುವೆಯ ಆಲ್ಬಮ್. ಹೆಂಚು ಸೋರಿ ಹಾಳೆಗೆ ಹಾಳೆ ಅಂಟಿ ಗಟ್ಟಿಯಾಗಿತ್ತು. ಗುರುಪಾದಪ್ಪ ಜಾಂಬೋಟಿಯ ಎರಡನೆಯ ಡಬ್ಬಿ ತೆಗೆದು ಎಪ್ಪತ್ತೆರಡೂ ಚಿತ್ರಗಳನ್ನು ಮತ್ತೆ ಮಾಡಿ ಕೊಟ್ಟರು. ಬಸಯ್ಯನವರಿಗೆ ಮದುವೆಯಾಗಿ ಆಗ ಹತ್ತೊಂಬತ್ತು ವರ್ಷ.

ಈ ಹಿನ್ನೆಲೆ ಗೊತ್ತಿದ್ದರೆ ಮುಂದಿನದು ತಿಳಿಯುತ್ತದೆ. ಗುರುಪಾದಪ್ಪನವರ ಅಕ್ಕನ ಮಗ ಪ್ರಸಾದ ಬೆಳಗಾವಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡ ಗೃಹಸ್ಥ, ಎರಡು ಮಕ್ಕಳ ತಂದೆ. ಕ್ಯಾಮೆರಾ ತರಿಸಿಕೊಟ್ಟವನೂ ಅವನೇ, ಚಿತ್ರವನ್ನು ಕಾರ್ಡಿನಲ್ಲಿ ಎರಡು ರೀತಿ ಇಡಬಹುದು ಎಂದು ತಿಳಿಸಿಕೊಟ್ಟವನೂ ಅವನೇ. ಒಂದು ‘ರಾ’, ಇನ್ನೊಂದು ‘ಜೆಪೆಗ್’. ಗೋವಾದ ಗಡಿಗೆ ಹತ್ತಿದ ನಮ್ಮ ಊರುಗಳಲ್ಲಿ ಜೆಪೆಗ್ಗಿನ ಉತ್ತರಾರ್ಧವಾದ ‘ಪೆಗ್’ ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ. ಪೂರ್ವಾರ್ಧವನ್ನು ಪ್ರಸಾದ ವಿವರಿಸಬೇಕಾಯಿತು.

“ಮಾಮಾ, ಜೆಪೆಗ್ ಅಂದ್ರ ಕ್ಯಾಮೆರಾ ತನ್ನೊಳಗ ತಾನ ಅಡಿಗಿ ಮಾಡತೈತಿ. ಬಣ್ಣಾ ಹದಾ ಮಾಡಿ, ತನಗ ಬ್ಯಾಡಾದ್ದು ಚೆಲ್ಲಿ, ಒತ್ತಿ ಒತ್ತಿ ಸಣ್ಣ ಡಬ್ಬಿ ಕಟ್ಟಿ ಕೊಡತೈತಿ. ರಾ ಅಂದ್ರ ಹಸೀದು. ಕಣ್ಣಿಗೆ ಬಿದ್ದದ್ದು ಬಿದ್ದಂಗ ಇಡತೈತಿ. ಆಮ್ಯಾಲ ಕಂಪ್ಯೂಟರ್‌ದಾಗ ನಾವ ಬೇಯಿಸ್ಕೋಬೇಕು.”

“ಚೆಲ್ಲಿದ್ದು ತಿರುಗಿ ಸಿಗತೈತೇನು?”

“ಇಲ್ಲ. ಅದು ಹೋತು.”

“ಅಂದ್ರ ರಾ ನೆಗೆಟಿವ್ ಇದ್ದಂಗ.”

“ಹಾಂ, ಹಂಗ ಅನ್ಕೋರಿ.”

“ಅಕ್ಕಿ ಮತ್ತ ಅನ್ನ” ಎಂದರು ಗುರುಪಾದಪ್ಪ, ಅಕ್ಕಿಡಬ್ಬಿಯ ಮನುಷ್ಯ. “ಅಕ್ಕಿ ಇರ್ಲಿ.”

ಹಸಿಯದು ಬಹಳ ಜಾಗ ತಿನ್ನುತ್ತದೆ, ಈ ಕಾರ್ಡಿನಲ್ಲಿ ನಲವತ್ತರ ಮೇಲೆ ಒಂದೂ ಹಿಡಿಸುವುದಿಲ್ಲ ಎಂದೂ ಪ್ರಸಾದ ಹೇಳಿದ್ದನಂತೆ. ‘ನೆಗೆಟಿವ್’ ಎಂಬ ಶಬ್ದ ಕಿವಿಗೆ ಬಿದ್ದ ಸಂತೋಷದಲ್ಲಿ ಮಾಮಾ ಅದನ್ನು ಕೇಳಿಸಿಕೊಂಡಿರಲಿಲ್ಲ.

ಮೇಘಾಳ ಮದುವೆಯ ಮರುದಿನವೇ ಅವರು ಬೆಳಗಾವಿಯ ಅಂಗಡಿಯಲ್ಲಿ ಹಾಜರಾದರು. ಪ್ರಸಾದ ಕ್ಯಾಮೆರಾದ ಬೆನ್ನಿಗಿದ್ದ ಮೆನು ಗುಂಡಿ ಒತ್ತಿ, ಪಟ್ಟಿಯಲ್ಲಿ ಕೆಳಗಿಳಿದು, ರಾ ಇದ್ದದ್ದನ್ನು ಜೆಪೆಗ್ ಮಾಡಿ ಕೊಟ್ಟ. “ಈ ಗುಂಡಿ ನೆನಪಿಡ್ರಿ ಮಾಮಾ, ಎಲ್ಲಾ ಇದರಾಗ ಐತಿ.” ಕಾರ್ಡಿನಲ್ಲಿ ಈಗ ನೂರು ಚಿತ್ರ ಹಿಡಿಸತೊಡಗಿದವು. ಮುಂದಿನ ನಾಲ್ಕು ಮದುವೆಗಳಲ್ಲಿ ಯಾರನ್ನೂ ಅಳಿಸಲಿಲ್ಲ, ಯಾರೂ ಅಳಲಿಲ್ಲ.

ಐದನೆಯದು ದೇಸೂರಿನ ಸತ್ಯಪ್ಪನ ಮಗ ಅಮರನ ಮದುವೆ.

ಸತ್ಯಪ್ಪ ರೇಲ್ವೆಯಲ್ಲಿ ಹಳಿ ಕಾಯುವ ನೌಕರ. ತಮ್ಮ ಮುತ್ತಪ್ಪ ಇನ್ನೂ ಕುರಿ ಕಾಯುತ್ತಾನೆ. ಒಂದೇ ಮನೆಯಲ್ಲಿ ಒಬ್ಬನಿಗೆ ಸಂಬಳ, ಒಬ್ಬನಿಗೆ ಕಂಬಳಿ. ಇಬ್ಬರ ಮೇಲೂ ಆಡಳಿತ ತಾಯಿ ಭರಮವ್ವನದು. ಆ ಮನೆಯ ದೇವರು ಮೈಲಾರಲಿಂಗ, ದೇವರ ಪ್ರಸಾದ ಭಂಡಾರ, ಅಂದರೆ ಅರಿಶಿಣದ ಪುಡಿ. ಭಂಡಾರದ ಚೀಲ ಭರಮವ್ವನ ಸೊಂಟದಲ್ಲಿ. ಮದುವೆಯಾಗಿ ಬಂದ ಹುಡುಗಿ ಹೊಸ್ತಿಲ ಒಳಗೆ ಬಂದ ಮೇಲೆ ಅತ್ತೆಯೋ ಅಜ್ಜಿಯೋ ಆ ಚೀಲ ಬಿಚ್ಚಿ ಅವಳ ತಲೆಯ ಮೇಲೆ ಭಂಡಾರ ಹಾಕಬೇಕು. ಅದು ಬಿದ್ದ ಮೇಲೇ ಅವಳು ಆ ಮನೆಯವಳು. ತಾಳಿಯಿಂದ ಅವಳು ಗಂಡನಿಗೆ ಹೆಂಡತಿಯಾಗಬಹುದು, ಆ ಮನೆಗೆ ಸೊಸೆಯಾಗುವುದು ಭಂಡಾರದಿಂದ.

ಆ ಗಳಿಗೆಯ ಫೋಟೋಗಳು ದೇವರ ಗೂಡಿನ ಬಾಜೂ ಗೋಡೆಯ ಮೇಲೆ ಸಾಲಾಗಿವೆ. ತಲೆ ಬಗ್ಗಿಸಿ ನಿಂತ ಸೊಸೆಯರು, ಮೇಲಿಂದ ಸುರಿಯುವ ಹಳದಿ. ಸತ್ಯಪ್ಪನ ಹೆಂಡತಿ ಪ್ರಮಿಳಾಳದು 1979ರದ್ದು. ತೆಗೆದವರು ಇದೇ ಗುರುಪಾದಪ್ಪ. ಅದರ ಹಳದಿ ಇಂದಿಗೂ ಮಾಸಿಲ್ಲ. ಅಮರ ಮದುವೆಯಾಗುವ ಹುಡುಗಿ ಮಾಯಾಳ ಸಲುವಾಗಿ ಆ ಸಾಲಿನ ಕೊನೆಗೆ ಮೊದಲೇ ಒಂದು ಮೊಳೆ ಹೊಡೆದಿಟ್ಟಿದ್ದರು.

ಮದುವೆ ಚೆನ್ನಾಗಿಯೇ ಆಯಿತು. ಅಂಗಳದ ಹಂದರದ ಬಟ್ಟೆ ಹಳದಿ, ಸೀರೆ ಹಳದಿ, ಗಾಳಿಯೇ ಹಳದಿ. ಗುರುಪಾದಪ್ಪ ಭಂಡಾರ ಬೀಳುವ ಗಳಿಗೆಗೆ ಕಾದು ಹೊಡೆದರು. ಕಾರ್ಡನ್ನು ಬೆಳಗಾವಿಯ ಲ್ಯಾಬಿಗೆ ಒಯ್ದು ಪ್ರಿಂಟ್ ಹಾಕಿಸಿ, ತಾವೇ ಆಲ್ಬಮ್ ಕಟ್ಟಿ, ಎಂದಿನಂತೆ ತಾವೇ ರೈಲು ಹತ್ತಿ ಕೊಡಲು ಹೋದರು. ಕಟ್ಟುವಾಗ ಒಂದೊಂದು ಚಿತ್ರವನ್ನೂ ನೋಡಿದ್ದರು. ಎಲ್ಲಿಯೂ ಏನೂ ತಪ್ಪು ಕಂಡಿರಲಿಲ್ಲ.

ಭರಮವ್ವ ಕನ್ನಡಕ ಏರಿಸಿ ಹಾಳೆ ತಿರುವಿದಳು. ಎಂಟನೆಯ ಹಾಳೆಗೆ ಕೈ ನಿಂತಿತು.

“ತಮ್ಮಾ, ನನ್ನ ಮೊಮ್ಮಗನ ಹೇಣ್ತಿ ತಲಿ ಮ್ಯಾಲ ಬೂದಿ ಯಾರು ಸುರುವಿದ್ರು?”

ಗುರುಪಾದಪ್ಪ ಬಗ್ಗಿ ನೋಡಿದರು. ಮಾಯಾಳ ತಲೆ, ಹಣೆ, ಹೆಗಲು ಎಲ್ಲ ಬೆಳ್ಳಗಿದ್ದವು. “ವಿಭೂತಿ ಹಂಗ ಚಂದ ಬಂದೈತಲ್ಲಬೇ” ಎಂದುಬಿಟ್ಟರು.

ತಪ್ಪು ಆಗ ಅವರಿಗೇ ಗೊತ್ತಾಯಿತು. ಹುಟ್ಟಿದಾಗಿನಿಂದ ಮನೆಯವರ ಹಣೆಯ ಮೇಲೆಲ್ಲ ಬಿಳಿಯ ಪುಡಿ ನೋಡುತ್ತ ಬೆಳೆದವರು ಅವರು. ಫೋಟೋದಲ್ಲಿ ಹಣೆ ಬೆಳ್ಳಗಿದ್ದರೆ ಅವರ ಕಣ್ಣಿಗೆ ಅದು ಮಂಗಳವೇ. ಇಡೀ ಆಲ್ಬಮ್ಮನ್ನು ಹಾಗೆಯೇ ಮೆಚ್ಚಿ ಕಟ್ಟಿದ್ದರು.

“ನೀವು ಲಿಂಗವಂತ್ರು ಖರೇ” ಎಂದ ಮುತ್ತಪ್ಪ, ಬಾಗಿಲಿಗೆ ಒರಗಿ. “ನಿಮ್ಮ ಕ್ಯಾಮೆರಾನೂ ಅಯ್ನಾರ ಕಡೆ ದೀಕ್ಷಾ ತಗೊಂಡೈತೇನ್ರಿ?”

ಒಳಗಿನ ಬಾಗಿಲಲ್ಲಿ ನಿಂತಿದ್ದ ಮಾಯಾ ಚಿತ್ರವನ್ನೊಮ್ಮೆ, ಖಾಲಿ ಮೊಳೆಯನ್ನೊಮ್ಮೆ ನೋಡಿದಳು.

“ಆಯೀ, ಅಂದ್ರ ನಾ ಇನ್ನ ಈ ಮನಿಯಾಕಿ ಆಗಿಲ್ಲೇನ್ರಿ?”

ನಗುತ್ತಲೇ ಕೇಳಿದಳು. ಆದರೆ ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಳು.

“ಆಗೀದಿ ಬಿಡ, ನಾ ಕಂಡೇನಿ” ಎಂದಳು ಭರಮವ್ವ. “ಆದ್ರ ಬೂದಿ ಬಿದ್ದ ಫೋಟೋ ದೇವರ ಬಾಜೂಕ ತೂಗಹಾಕಾಂಗಿಲ್ಲ. ನಾಳಿ ನಾ ಹೋದ ಮ್ಯಾಲ ನೋಡಿದಾವ್ರು ಏನಂತಾರು?”

ಆಲ್ಬಮ್ ಪೆಟ್ಟಿಗೆಯ ತಳ ಸೇರಿತು. ಗುರುಪಾದಪ್ಪ ಚಹಾ ಮುಗಿಸದೆ ಎದ್ದರು.

ಆದದ್ದು ಇಷ್ಟು. ಎಲ್ಲ ಕಡೆ ಹಳದಿ ಕಂಡ ಕ್ಯಾಮೆರಾ, ಲೋಕದಲ್ಲಿ ಇಷ್ಟು ಹಳದಿ ಇರಲಾರದು, ಇದು ಯಾವುದೋ ಬಲ್ಬಿನ ದೋಷ ಎಂದು ತೀರ್ಮಾನಿಸಿ, ಬಹಳ ಶ್ರದ್ಧೆಯಿಂದ ಹಳದಿಯನ್ನು ತೊಳೆದುಬಿಟ್ಟಿತ್ತು. ತೊಳೆದು, ಒತ್ತಿ, ಡಬ್ಬಿ ಕಟ್ಟಿ, ತೊಳೆದ ನೀರನ್ನು ಚೆಲ್ಲಿತ್ತು. ನಮ್ಮ ಕಾನ್ವೆಂಟಿನ ಸಿಸ್ಟರೊಬ್ಬರು ಹೋಳಿಯ ಮರುದಿನ ನಮ್ಮ ಕಿವಿ ಹಿಡಿದು ಇದೇ ಶ್ರದ್ಧೆಯಿಂದ ಬಣ್ಣ ಉಜ್ಜುತ್ತಿದ್ದರು. ಅವರದೂ ಸದುದ್ದೇಶವೇ.

ಪ್ರಸಾದ ತನ್ನ ಕಂಪ್ಯೂಟರಿನಲ್ಲಿ ಹಳದಿ ತಿರುಗಿ ತುಂಬಲು ನೋಡಿದ. ಭಂಡಾರ ಹಳದಿಯಾಯಿತು, ಜೊತೆಗೆ ಮಾಯಾಳ ಹಲ್ಲು, ಅಮರನ ಬಿಳಿ ಅಂಗಿ, ಮುತ್ತಪ್ಪನ ಕುರಿಗಳೂ ಹಳದಿಯಾದವು. ಕರಿ ಕಂಬಳಿ ಹಸಿರಾಯಿತು. ಇಡೀ ಮದುವೆಗೆ ಕಾಮಾಲೆ ಹತ್ತಿದ ಹಾಗೆ.

“ರಾ ಇದ್ದಿದ್ರ ಎರಡು ನಿಮಿಷದ ಕೆಲಸ ಇತ್ತು ಮಾಮಾ” ಎಂದ. “ಇದರಾಗ ಏನೂ ಉಳದಿಲ್ಲ. ಲ್ಯಾಬಿನಾವ್ರು ತಪ್ಪು ಮಾಡ್ಯಾರ ಅಂತ ಹೇಳಿಬಿಡ್ರಿ. ದೇಸೂರಾಗ ಯಾರಿಗೆ ತಿಳೀತೈತಿ?”

ನಾನಾಗಿದ್ದರೆ ಲ್ಯಾಬಿನವರನ್ನು ಖಂಡಿತ ಮುಂದೆ ಮಾಡುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ನಮಗೆಲ್ಲ ಸಿಕ್ಕ ದೊಡ್ಡ ಅನುಕೂಲವೆಂದರೆ ಅದೇ, ತಪ್ಪಿಗೆ ಯಾವಾಗಲೂ ಒಂದು ಯಂತ್ರ ಇದ್ದೇ ಇರುತ್ತದೆ. ಗುರುಪಾದಪ್ಪ ಮರುದಿನ ಬೆಳಗಿನ ಪ್ಯಾಸೆಂಜರ್ ಹತ್ತಿ ದೇಸೂರಿಗೆ ಹೋದರು. ಭರಮವ್ವನ ಮುಂದೆ ಕಂಬಳಿಯ ಮೇಲೆ ಕೂತರು.

“ಆಯೀ, ಇದಕ್ಕ ನೆಗೆಟಿವ್ ಇಲ್ಲ. ನಂದ ತಪ್ಪು. ಜಾಗಾ ಉಳಸಾಕ ಹೋಗಿ ಭಂಡಾರ ಕಳದೇನಿ. ನೋಡಿದಾಗರ ಗೊತ್ತಾಗಬೇಕಿತ್ತು, ಅದೂ ಆಗಲಿಲ್ಲ.”

“ಒಪ್ಪಿಗೊಂಡ್ಯಲ್ಲ, ಸಾಕು” ಎಂದಳು ಭರಮವ್ವ. “ಮೊಳಿ ಕಿತ್ತಿ ಹಾಕೂಣು.”

“ಇನ್ನೊಮ್ಮೆ ಹಾಕಾಕ ಬರಾಂಗಿಲ್ಲೇನು?”

“ಹುಚ್ಚಪ್ಪಾ! ಎರಡನೇ ಸಲ ಹಾಕಿದ್ರ ಮೊದಲನೇದು ಸುಳ್ಳ ಆತು. ಸೊಸಿ ಮ್ಯಾಲ ಭಂಡಾರ ಬೀಳೂದು ಒಮ್ಮೆ.”

ಗುರುಪಾದಪ್ಪ ಗೋಡೆ ನೋಡುತ್ತ ಕೂತರು. ಅರ್ಧ ಚಿತ್ರಗಳು ಅವರೇ ತೆಗೆದವು. ಪ್ರತಿಯೊಂದರಲ್ಲೂ ಅಂಚಿನಲ್ಲಿ ಒಂದು ಕೈ ಇತ್ತು, ಭಂಡಾರ ಸುರಿಯುವ ಕೈ. ಮುಖವಿಲ್ಲದ, ಬಳೆ ಮಾತ್ರ ಕಾಣುವ ಕೈ.

“ಬೀಳೂದು ಒಮ್ಮೆ, ಖರೇ” ಎಂದರು ನಿಧಾನವಾಗಿ. “ಹಾಕೂದು?”

“ಹಾಕೂದು ಐತವಾರಕ್ಕೊಮ್ಮೆ ಇದ್ದದ್ದ ಐತಿ.”

“ಯಾರು ಹಾಕಬೇಕು?”

“ಈ ಮನಿಯಾಕಿ.”

“ಮಾಯವ್ವ ಮನಿಯಾಕಿ ಆಗ್ಯಾಳ ಅಂತ ಮೊನ್ನೆ ನೀವ ಅಂದ್ರಿ. ಹಂಗಾದ್ರ ಐತವಾರ ಅಕೀನ ಹಾಕ್ಲಿ. ನಾ ಅದನ್ನ ಹೊಡೀತೀನಿ.”

ಭರಮವ್ವ ಸೊಂಟದ ಚೀಲದ ಮೇಲೆ ಕೈ ಇಟ್ಟುಕೊಂಡಳು. ಅಷ್ಟರಲ್ಲಿ ಒಲೆಯ ಕಡೆಯಿಂದ ಪ್ರಮಿಳಾಳ ದನಿ ಬಂತು.

“ಇಪ್ಪತ್ತೈದು ವರ್ಷ ಆತು, ಆ ಚೀಲದ ದಾರಾ ಸೈತ ನನಗ ಮುಟ್ಟಗೊಟ್ಟಿಲ್ಲ. ನಿನ್ನೆ ಬಂದಾಕಿಗೆ ಕೊಡ್ತಾರಂತ!”

“ನೀ ಕೇಳಿದ್ದೇನು?”

“ನೀವು ಕೊಡತಿದ್ರೇನು?”

“ಈ ತಮ್ಮ ಬಂದು ಕೇಳಿದ್ನಲ್ಲ” ಎಂದಳು ಭರಮವ್ವ. “ಐತವಾರ ಇಬ್ಬರೂ ಹಾಕ್ರಿ. ಚೀಲಾ ಮಾತ್ರ ತಿರುಗಿ ನನಗ ಕೊಡಬೇಕ ಮತ್ತ.”

ಮೊಳೆ ಉಳಿಯಿತು.

ಶನಿವಾರ ಗುರುಪಾದಪ್ಪ ಮೆನು ಗುಂಡಿ ಒತ್ತಿ, ಪಟ್ಟಿಯಲ್ಲಿ ತಾವೇ ಇಳಿದು, ಜೆಪೆಗ್ ಇದ್ದದ್ದನ್ನು ತಿರುಗಿ ರಾ ಮಾಡಿದರು. ಸರಿಯಾಯಿತೇ ಎಂದು ಪ್ರಸಾದನಿಗೆ ಎರಡು ಸಲ ಫೋನು ಮಾಡಿ ಕೇಳಿದರು. ಐತವಾರ ದೇಸೂರಿನಲ್ಲಿ ಮಳೆ ಬಿಟ್ಟಿತ್ತು. ಹಂದರ ಇರಲಿಲ್ಲ. ಅಂಗಳದಲ್ಲಿ ಮೋಡದ ತಂಪು ಬೆಳಕು. ದೇವರ ಪೂಜೆ ಮುಗಿಸಿ ಮನೆಯವರು ಸಾಲಾಗಿ ನಿಂತರು. ಮುತ್ತಪ್ಪ ಕಂಬಳಿ ಹೊದ್ದು, ಕಂಕುಳಲ್ಲಿ ಒಂದು ಮರಿ ಹಿಡಿದು ಬಂದ. “ನನ್ನ ಕುರಿ ಯಾವ ಬಣ್ಣದಾವ ಬರ್ತಾವ ನೋಡೂಣು.”

ಭರಮವ್ವ ಚೀಲದ ದಾರ ಬಿಚ್ಚಿ ಮಾಯಾಳ ಕೈಗೆ ಕೊಟ್ಟಳು. ಮಾಯಾ ಮುಷ್ಟಿ ತುಂಬಿಕೊಂಡು, ಉಸಿರು ಹಿಡಿದು ನಿಂತಳು. ಗುರುಪಾದಪ್ಪ ಮಂಡಿಯೂರಿ, ಕ್ಯಾಮೆರಾ ಹಿಡಿದು, ಸಣ್ಣಗೆ ತೂಗುತ್ತ ಕಾದರು.

“ಉಸಿರು ಬಿಡವ್ವಾ” ಎಂದರು.

ಮಾಯಾ ಉಸಿರು ಬಿಟ್ಟಳು. ಕೈ ಎತ್ತಿ ಹಾಕಿದ ಭಂಡಾರ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಅರ್ಧ ಮನೆಯವರ ಮೇಲೆ, ಅರ್ಧ ಗುರುಪಾದಪ್ಪ ಮತ್ತು ಅವರ ಕ್ಯಾಮೆರಾದ ಮೇಲೆ. ಅವರು ಕದಲಲಿಲ್ಲ. ಹಿಂದೆಯೇ ಪ್ರಮಿಳಾ ಚೀಲಕ್ಕೆ ಕೈ ಹಾಕಿ ಇಪ್ಪತ್ತೈದು ವರ್ಷದ ಭಂಡಾರವನ್ನು ಒಂದೇ ಮುಷ್ಟಿಯಲ್ಲಿ ಅತ್ತೆಯ ಮೇಲೆ ಸುರಿದಳು. “ಸಾಕ ಬಿಡ, ಕಣ್ಣಾಗ ಹೊಕ್ಕಿತು!” ಎಂದು ಭರಮವ್ವ ಕೂಗಿದಳು, ನಗುತ್ತ. ಎಷ್ಟೋ ವರ್ಷದ ಮೇಲೆ ಅವ್ವ ನಕ್ಕದ್ದು ಅಂದೇ ಎಂದು ಸತ್ಯಪ್ಪ ನನಗೆ ಹೇಳಿದ. ಗುರುಪಾದಪ್ಪ ತೆಗೆದದ್ದು ಒಟ್ಟು ಮೂರು ಚಿತ್ರ. ಕಾರ್ಡಿನಲ್ಲಿ ಇನ್ನೂ ಮೂವತ್ತೇಳಕ್ಕೆ ಜಾಗವಿತ್ತು.

ಹೋಗುವಾಗ ಅವರು ಒಂದು ಚಿಟಿಕೆ ಭಂಡಾರವನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡರು. ಮುತ್ತಪ್ಪನಿಂದ ಒಂದು ಹಿಡಿ ಬಿಳಿ ಉಣ್ಣೆ, ಕಂಬಳಿಯ ಅಂಚಿನ ಒಂದು ಕರಿ ಎಳೆ. ಸೋಮವಾರ ಪ್ರಸಾದನ ಅಂಗಡಿಯಲ್ಲಿ ಮೂರನ್ನೂ ಪರದೆಯ ಕೆಳಗೆ ಸಾಲಾಗಿ ಇಟ್ಟರು.

“ಮಾಮಾ, ಕೀಬೋರ್ಡ್ ಮ್ಯಾಲ ಬ್ಯಾಡ್ರೀ!”

“ಸುಮ್ಮನಿರಪಾ. ನೆನಪಿನ ಮ್ಯಾಲ ಬಣ್ಣ ಮಾಡಬಾರದು. ಕುರಿ ಬೆಳ್ಳಗಿರ್ಲಿ, ಕಂಬಳಿ ಕರ್ರಗಿರ್ಲಿ, ಭಂಡಾರ ಭಂಡಾರನ ಇರ್ಲಿ. ಮುಖ ಆಮ್ಯಾಲ ತಾವ ಬರ್ತಾವ.”

ಹಸಿ ಚಿತ್ರದಲ್ಲಿ ಎಲ್ಲವೂ ಇತ್ತು. ಪ್ರಸಾದ ಎರಡು ನಿಮಿಷ ಎಂದಿದ್ದ. ಮಾಮಾ ಮಧ್ಯಾಹ್ನದವರೆಗೆ ಅವನನ್ನು ಏಳಗೊಡಲಿಲ್ಲ.

ಆ ಚಿತ್ರ ನಾನು ನೋಡಿದ್ದೇನೆ. ಆ ಗೋಡೆಯ ಮೇಲೆ ತಲೆ ಬಗ್ಗಿಸಿದ ಸೊಸೆಯರ ಸಾಲಿನ ಕೊನೆಗೆ ಒಬ್ಬಳು ತಲೆ ಎತ್ತಿ, ಕೈ ಎತ್ತಿ ನಿಂತಿದ್ದಾಳೆ. ಮೇಲೆ ಹಳದಿ ಹರಡಿದೆ. ಅದರ ಅಡಿಗೆ ಇಡೀ ಮನೆ, ಕಣ್ಣು ಮುಚ್ಚಿಕೊಂಡ ಮುದುಕಿ, ಒಂದು ಬಿಳಿಯ ಮರಿ. ಭರಮವ್ವ ಅದನ್ನು ಮೊದಲ ಸಲ ನೋಡಿ “ಹಾಂ, ಇಕಿ ಮನಿಯಾಕಿ” ಎಂದಳಂತೆ. ಆಮೇಲೆ ಇನ್ನೊಮ್ಮೆ ನೋಡಿ, “ನನ್ನ ಮಾತ್ರ ಮುದುಕಿ ಮಾಡೀದಿ” ಎಂದಳಂತೆ.

ಆ ಐತವಾರದ ಮೇಲೆ ಗುರುಪಾದಪ್ಪ ಜೆಪೆಗ್ ಕಡೆಗೆ ತಿರುಗಿ ನೋಡಲಿಲ್ಲ. ಎರಡನೆಯ ಕಾರ್ಡ್ ಕೊಂಡರು. ಲಗ್ನಪತ್ರಿಕೆಯ ಹಿಂದೆ ಪೆನ್ಸಿಲ್ ಗೆರೆಗಳು ಮತ್ತೆ ಬಂದವು. ಎರಡು ಕಾರ್ಡಿಗೆ ಎಂಬತ್ತು ಚಿತ್ರ, ಎಂಬತ್ತು ಗೆರೆ. ಬೆಳಗಾವಿಯ ಫೋಟೋಗ್ರಾಫರುಗಳು ಒಂದು ಮದುವೆಗೆ ಐನೂರು ಆರುನೂರು ಹೊಡೆದು, ಆಮೇಲೆ ಆರಿಸಲು ಕೂತು ಕಣ್ಣು ಉಜ್ಜುತ್ತಿದ್ದ ಕಾಲದಲ್ಲಿ ಖಾನಾಪುರದ ಈ ಮನುಷ್ಯ ಎಂಬತ್ತಕ್ಕೆ ನಿಲ್ಲುತ್ತಿದ್ದರು. ಬಿಸ್ಕತ್ತಿನ ಡಬ್ಬಿಗಳಲ್ಲಿ ನೆಗೆಟಿವ್ ಪಟ್ಟಿಗಳ ಬದಲು ಸೀಡಿಗಳು ಬಂದವು, ಮೇಲೆ ಅದೇ ಊರಿನ ಹೆಸರುಗಳು. ಹೊಸದಾಗಿ ಕ್ಯಾಮೆರಾ ಕೊಂಡವರು ಬಂದು “ಹಸೀದ್ರಾಗ ಹೊಡೀಬೇಕೋ ಬೇಯಿಸಿದ್ರಾಗೋ” ಎಂದು ಕೇಳಿದರೆ ಅವರು ವಾದ ಮಾಡುತ್ತಿರಲಿಲ್ಲ. ದೇಸೂರಿನ ಎರಡೂ ಪ್ರಿಂಟು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು, ಬೂದಿಯದೊಂದು, ಭಂಡಾರದ್ದೊಂದು. ತಮ್ಮ ತಪ್ಪನ್ನು ಹೀಗೆ ಅಂಗಡಿಯ ಮುಂಭಾಗದಲ್ಲಿ ಇಟ್ಟುಕೊಂಡ ಇನ್ನೊಬ್ಬ ವ್ಯಾಪಾರಿಯನ್ನು ನಾನು ಕಂಡಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ ನನ್ನ ತಲೆಯಲ್ಲಿ ಇದೆಲ್ಲ ಒಂದು ದೊಡ್ಡ ಸಿದ್ಧಾಂತವಾಗಿ ಬೆಳೆದಿತ್ತು. ಸುಲಭದ ದಾರಿ ಕಣ್ಣ ಮುಂದಿದ್ದರೂ ಜಾಗ ತಿನ್ನುವ, ಹೊತ್ತು ತಿನ್ನುವ ಹಸಿ ದಾರಿಯನ್ನೇ ಹಿಡಿದ ಮನುಷ್ಯ. ಮಾಯಾಳ ಮುಖ ನೆನೆದು ಮಾಡಿಕೊಂಡ ಒಂದು ವ್ರತ. ಇಂಥವೇ ಮಾತುಗಳು. ಕಾಂತಾ ಚಹಾ ತಂದಿಟ್ಟರು. ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು.

“ಗುರುಪಾದಪ್ಪನವರ, ವರ್ಷ ಆತು” ಎಂದೆ. “ಎಂಥಾ ಗಡಿಬಿಡಿ ಲಗ್ನ ಇದ್ರೂ, ಕಾರ್ಡ್ ತುಂಬಿದ್ರೂ, ಒಂದ ಸಲಾನೂ ಜೆಪೆಗ್ ಮಾಡಿಲ್ಲ ನೀವು. ಇಷ್ಟು ಗಟ್ಟಿ ಮನಸ್ಸು ಎಲ್ಲಿಂದ ಬಂತ್ರಿ? ಅವತ್ತ ಮೈಲಾರಲಿಂಗನ ಮುಂದ ಆಣಿಗೀಣಿ ಮಾಡಿದ್ರೇನು?”

ಅವರು ಎದ್ದು ಹೋಗಿ ಅಕ್ಕಿಡಬ್ಬಿಯ ಮುಚ್ಚಳ ತೆಗೆದರು. ಕ್ಯಾಮೆರಾ ಹೊರಗೆ ತೆಗೆದು, ನಾಲ್ಕು ಅಕ್ಕಿಕಾಳು ಊದಿ, ಅದರ ಬೆನ್ನು ನನ್ನ ಕಡೆ ತಿರುಗಿಸಿದರು. ಒಂದು ಗುಂಡಿಯ ಸುತ್ತ ತೆಳ್ಳಗೆ ಹಳದಿ ಗೆರೆ ಇತ್ತು.

“ಇದು ಮೆನು ಗುಂಡಿ ರೀ ಸರ. ಅವತ್ತ ದೇಸೂರಾಗ ಇದರೊಳಗ ಭಂಡಾರ ಹೊಕ್ಕೈತಿ. ಎಷ್ಟು ಒತ್ತಿದ್ರೂ ಒಳಗ ಹೋಗವಲ್ದು.”